ಇಲಿಯಲ್ಲಿ ಕರಗಿದ ಗಡ್ಡೆ, ಮನುಷ್ಯರ ಗುಂಡಿಗೆ

ಆಳಂದ, ಸೇಡಂ, ಜೇವರ್ಗಿ ಕಡೆಯಿಂದ ಕಲಬುರಗಿಗೆ ಸ್ತನ ಕ್ಯಾನ್ಸರ್ ಇರುವ ತಾಯಂದಿರನ್ನು ನನ್ನ ಬಳಿ ಕರೆತರುವ ಮಕ್ಕಳು ಈಗ ಮೊಬೈಲ್ ಹಿಡಿದೇ ಒಳಗೆ ಬರುತ್ತಾರೆ. "ಸರ, ಹೊಸ ಇಂಜೆಕ್ಷನ್‌ಗೆ ಇಲಿ ಗಡ್ಡಿ ಪೂರಾ ಕರಗ್ಯಾದಂತ್ರಿ. ನಮ್ಮ ಅವ್ವಗೂ ಅದೇ ಕೊಡ್ರಿ." ಕೇಳುವುದು ತಪ್ಪಲ್ಲ. ಆದರೆ ಯಾವ ಇಲಿ, ಯಾವ ಗಡ್ಡೆ, ಯಾವುದರ ಜೊತೆ ಹೋಲಿಸಿದ್ದು ಅನ್ನೋದು ಆ ಸುದ್ದಿಯಲ್ಲಿ ಇರುವುದೇ ಅಪರೂಪ.

ಟಾರ್ಗೆಟೆಡ್ ಔಷಧ, ಅಂದರೆ ಗುರಿಯಿಟ್ಟು ಹೊಡೆಯುವ ಔಷಧ, ಕೆಲಸ ಮಾಡಲು ಗಡ್ಡೆಯಲ್ಲಿ ಅದಕ್ಕೆ ಬೇಕಾದ ಗುರುತು ಇರಬೇಕು. ಕೋಶದ ಮೇಲಿರುವ ಹರ್-2 ಎಂಬ ಪ್ರೋಟೀನ್ ಅಂಥದ್ದೊಂದು. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 15ರಿಂದ 20ರಲ್ಲಿ ಅದು ಜಾಸ್ತಿ ಇರುತ್ತದೆ. ಬಯಾಪ್ಸಿ ವರದಿಯಲ್ಲಿ 3+ ಎಂದಿದ್ದರೆ ಹರ್-2 ಜಾಸ್ತಿ ಇದೆ ಎಂದೇ ಅರ್ಥ. 2+ ಇದ್ದರೆ ಖಚಿತವಿಲ್ಲ, ಹರ್-2 ಜೀನ್ ನೋಡುವ ಫಿಶ್ ಪರೀಕ್ಷೆ ಮಾಡಿಸಲೇಬೇಕು.

ಪ್ರಯೋಗದ ಇಲಿಗಳಲ್ಲಿ ಬಹಳಷ್ಟಕ್ಕೆ ರೋಗನಿರೋಧಕ ಶಕ್ತಿ ಕುಂದಿರುತ್ತದೆ. ಇಲ್ಲದಿದ್ದರೆ ಮನುಷ್ಯರ ಕ್ಯಾನ್ಸರ್ ಕೋಶ ಅವುಗಳ ಮೈಯಲ್ಲಿ ಬೆಳೆಯುವುದೇ ಇಲ್ಲ. ಹಾಗಾಗಿ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಇಮ್ಯುನೋಥೆರಪಿಯನ್ನು ಅಲ್ಲಿ ಹೋಲಿಸಿ ನೋಡುವುದು ಸುಮ್ನೆ. ಅದಕ್ಕೆ ಇಲಿಯದೇ ಕ್ಯಾನ್ಸರ್, ಗಟ್ಟಿಮುಟ್ಟಾದ ಇಲಿ ಬೇಕು.

ಹಾಗಂತ ಇಲಿಯ ಸಾಕ್ಷಿಯನ್ನು ತಳ್ಳಿಹಾಕುವವನಲ್ಲ ನಾನು. ಟಿ-ಡಿಎಂ1 ಮತ್ತು ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎರಡೂ ಹರ್-2 ಹುಡುಕಿಕೊಂಡು ಹೋಗಿ ಒಳಗೆ ಕೀಮೋ ಇಳಿಸುವ ಔಷಧಗಳು. ಹರ್-2 ಇರುವ ಕೋಶ, ಇಲ್ಲದ ಕೋಶ ಎರಡನ್ನೂ ಬೆರೆಸಿ ಇಲಿಯಲ್ಲಿ ಒಂದೇ ಗಡ್ಡೆ ಬೆಳೆಸಿದರು. ಮೊದಲನೆಯದು ಗುರುತಿದ್ದ ಕೋಶಗಳನ್ನಷ್ಟೇ ಕೊಂದಿತು. ಎರಡನೆಯದರ ಕೀಮೋ ಕೋಶದ ಪೊರೆ ದಾಟಿ, ತೊಗರಿ ಹೊಲಕ್ಕೆ ಹೊಡೆದ ಎಣ್ಣೆ ಬದುವಿನಾಚೆ ಹರಡಿದಂತೆ, ಪಕ್ಕದ ಕೋಶಗಳನ್ನೂ ಕೊಂದಿತು. ಮುಂದೆ ರೋಗಿಗಳಲ್ಲೂ ಅದರ ಫಲ ಕಂಡಿತು. 2021ರಲ್ಲಿ ಎರಡನ್ನೂ ನೇರ ಹೋಲಿಸಿದಾಗ ಡೆರುಕ್ಸ್‌ಟೆಕಾನ್ ರೋಗವನ್ನು ಹೆಚ್ಚು ಕಾಲ ತಡೆದಿತ್ತು. 2022ರಲ್ಲಿ ಹರ್-2 ಕಡಿಮೆ ಇದ್ದವರಿಗೂ ಉಪಯೋಗ ಎಂದು ಗೊತ್ತಾಯಿತು. ಇಂಥ ಜಾಣ ಪ್ರಯೋಗ ಕಂಡರೆ ನನಗೆ ಖುಷಿ.

ಅಡ್ಡಪರಿಣಾಮದ ವಿಷಯದಲ್ಲಿ ಮಾತ್ರ ಇಲಿ ಕೈಕೊಡುತ್ತದೆ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮ್ಯಾಬ್ ಮನುಷ್ಯರ ಹರ್-2ಗೆ ಅಂಟುತ್ತದೆ, ಇಲಿಯ ಸ್ವಂತದ್ದಕ್ಕೆ ಅಂಟುವುದೇ ಇಲ್ಲ. ಮನುಷ್ಯರ ಗಡ್ಡೆ ಕರಗುತ್ತದೆ, ಇಲಿಯ ಹೃದಯಕ್ಕೆ ಏನೂ ಆಗದು. ಮನುಷ್ಯರ ಹೃದಯದಲ್ಲೋ ಹರ್-2ಗೆ ಅದರದೇ ಕೆಲಸವಿದೆ. ರೋಗ ಹರಡಿದ್ದ ಮಹಿಳೆಯರ ಮೊದಲ ದೊಡ್ಡ ಅಧ್ಯಯನದಲ್ಲಿ, ಇದನ್ನು ಆಂಥ್ರಾಸೈಕ್ಲಿನ್ ಎಂಬ ಗುಂಪಿನ ಕೀಮೋ ಜೊತೆ ಪಡೆದವರಲ್ಲಿ 100ಕ್ಕೆ 27 ಮಂದಿಗೆ ಹೃದಯದ ತೊಂದರೆ ಕಾಣಿಸಿತು. ಈಗ ಎರಡನ್ನೂ ಸಾಮಾನ್ಯವಾಗಿ ಒಟ್ಟಿಗೆ ಕೊಡುವುದಿಲ್ಲ. ಶುರುವಿಗೆ ಮುಂಚೆ ಒಮ್ಮೆ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತೇವೆ.

"ಗಡ್ಡಿಗಿ ಔಷಧ, ಗುಂಡಿಗಿಗಿ ಪರೀಕ್ಷೆ ಯಾಕ್ರಿ?" ಎಂದು ಕೆಲವರು ಎಕೋ ತಪ್ಪಿಸಲು ನೋಡುತ್ತಾರೆ. ಬಸ್ ಖರ್ಚು, ಒಂದು ದಿನದ ಕೂಲಿ ಹೋಗುತ್ತದೆ, ಗೊತ್ತು. ಅದಕ್ಕೇ ಇಂಜೆಕ್ಷನ್ ದಿನವೇ ಎಕೋ ಇಟ್ಟುಕೊಳ್ಳಿ ಎನ್ನುತ್ತೇನೆ. ವರದಿ ನೋಡಿದ ಮೇಲೆಯೇ ಮುಂದಿನ ಡೋಸ್ ಬರೆಯುವುದು.