ನೊರೆ ಹೇಳುತ್ತಿದ್ದದ್ದು ನೀರಿನ ಸುದ್ದಿ

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ವಾಷಿಂಗ್ ಮೆಷಿನ್ನಿನ ಗಾಜಿನ ಬಾಗಿಲ ಮುಂದೆ ಒಂದೇ ವಾದ ನಡೆಯುತ್ತದೆ. ಅತ್ತೆ ಬಗ್ಗಿ ಇಣುಕಿ, "ನೊರೆಯೇ ಇಲ್ವಲ್ಲಮ್ಮ, ಇನ್ನೊಂದು ಚಮಚ ಪುಡಿ ಹಾಕು" ಎನ್ನುತ್ತಾರೆ. ಸೊಸೆ, "ಪ್ಯಾಕೆಟ್ ಮೇಲೆ ಬರೆದಷ್ಟೇ ಹಾಕಿದೀನಿ ಅತ್ತೆ, ಇದು ಫ್ರಂಟ್ ಲೋಡು, ಇದರಲ್ಲಿ ನೊರೆ ಜಾಸ್ತಿ ಬರಬಾರದು" ಎನ್ನುತ್ತಾಳೆ. ಈ ಜಗಳದಲ್ಲಿ ಹಿರಿಯರ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ನೊರೆ ನೋಡಿ ಸೋಪು ಹಾಕಬೇಕೆಂಬ ನಿಯಮ ಪಕ್ಕಾ ರಸಾಯನಶಾಸ್ತ್ರ. ಪ್ರಯೋಗಶಾಲೆಗಳೂ ಬಹಳ ಕಾಲ ಅದನ್ನೇ ನೆಚ್ಚಿಕೊಂಡಿದ್ದವು. ತೊಂದರೆ ಏನೆಂದರೆ, ಆ ನಿಯಮ ಹುಟ್ಟಿದ್ದು ಸೋಪಿಗಾಗಿ. ಮೆಷಿನ್ನಿಗೆ ನಾವು ಹಾಕುವ ಪುಡಿ ಸೋಪೇ ಅಲ್ಲ.

ಸೋಪು ಎಂದರೆ ಎಣ್ಣೆಯ ಕೊಬ್ಬಿನಾಮ್ಲಗಳ ಸೋಡಿಯಂ ಲವಣ. ಅದರ ಅಣುವಿಗೆ ನೀರಿಗೆ ಒಲಿಯುವ ಒಂದು ತಲೆ, ಎಣ್ಣೆಗೆ ಒಲಿಯುವ ಉದ್ದನೆಯ ಒಂದು ಬಾಲ. ಇಷ್ಟು ಶಾಲೆಯಲ್ಲೇ ಓದಿರುತ್ತೇವೆ. ಆದರೆ ಬಕೆಟ್ಟಿನಲ್ಲಿ ನಡೆಯುವುದು ಮದುವೆ ಊಟದ ಪಂಕ್ತಿಯಂತೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮೊದಲ ಪಂಕ್ತಿಗೇ ಕೂತುಬಿಡುತ್ತವೆ. ಒಂದೊಂದು ಕ್ಯಾಲ್ಸಿಯಂ ಅಯಾನು ಎರಡೆರಡು ಸೋಪಿನ ಅಣುಗಳನ್ನು ಹಿಡಿದು, ನೀರಿನಲ್ಲಿ ಕರಗದ ಬೂದುಬಿಳಿ ಜಿಗುಟಾಗಿ ಕೆಳಗಿಳಿಯುತ್ತದೆ. ಬಕೆಟ್ಟಿನ ಅಂಚಿನಲ್ಲಿ, ಬಚ್ಚಲಿನ ಟೈಲ್ಸಿನ ಮೇಲೆ, ಬಿಳಿ ಬನಿಯನ್ನಿನ ಮಂಕಿನಲ್ಲಿ ಕಾಣುವುದು ಇದೇ. ಆ ಪಂಕ್ತಿ ಎದ್ದ ಮೇಲೆ ಉಳಿದ ಸೋಪು ಕೊಳೆಯ ಪಾಲಿಗೆ. ಅದೂ ಮುಗಿದು ಇನ್ನೂ ಮಿಕ್ಕಿದ್ದರೆ ಮಾತ್ರ ಮೇಲೆ ನಿಲ್ಲುವ ನೊರೆ.

ಮೊದಲ ಪಂಕ್ತಿ ಎಷ್ಟು ತಿನ್ನುತ್ತದೆ ಎಂದು ಲೆಕ್ಕ ಹಾಕಬಹುದು. ನೀರಿನ ಗಡಸುತನವನ್ನು, ಅಂದರೆ ಅದರಲ್ಲಿ ಕರಗಿರುವ ಈ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ರಿಯಾಯಿತಿ. ನಗರದ ಬೋರ್‌ವೆಲ್‌ಗಳಲ್ಲಿ 400 ಕಾಣುವುದು ಅಪರೂಪವೇನಲ್ಲ. ಹಾಗಿರುವ ಒಂದು ಲೀಟರ್ ನೀರು ಸುಮಾರು ಎರಡೂವರೆ ಗ್ರಾಂ ಶುದ್ಧ ಸೋಪನ್ನು ನುಂಗುತ್ತದೆ. ಹದಿನೈದು ಲೀಟರಿನ ಬಕೆಟ್ಟಿಗೆ ಸುಮಾರು 37 ಗ್ರಾಂ, ಅಂದರೆ 250 ಗ್ರಾಮಿನ ಒಂದು ಬಾರಿನ ಏಳನೇ ಒಂದು ಭಾಗ. ಇದು ಒಂದು ಬಟ್ಟೆಯನ್ನೂ ಅದ್ದುವ ಮೊದಲಿನ ಖರ್ಚು. ಗಡಸುತನ 100 ಇದ್ದರೆ ಅದೇ ಬಕೆಟ್ಟಿಗೆ 9 ಗ್ರಾಂ ಸಾಕು.

ಹೀಗಾಗಿ ಸೋಪಿನ ಕಾಲದಲ್ಲಿ ನೊರೆ ಸುಳ್ಳು ಹೇಳುತ್ತಿರಲಿಲ್ಲ. ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಥಾಮಸ್ ಕ್ಲಾರ್ಕ್ ಹತ್ತೊಂಬತ್ತನೇ ಶತಮಾನದಲ್ಲಿ ನೀರಿನ ಗಡಸುತನ ಅಳೆಯಲು ಬಳಸಿದ್ದು ಇದೇ ಗುಣವನ್ನು. ಗೊತ್ತಾದ ಸಾಂದ್ರತೆಯ ಸೋಪಿನ ದ್ರಾವಣವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಬಿಟ್ಟು ಸೀಸೆಯನ್ನು ಕುಲುಕುವುದು. ನೊರೆ ಐದು ನಿಮಿಷ ಒಡೆಯದೆ ನಿಂತ ಕೂಡಲೇ ನಿಲ್ಲಿಸಿ, ಎಷ್ಟು ಸೋಪು ಹೋಯಿತೆಂದು ನೋಡುವುದು. ಬಾವಿಕಟ್ಟೆಯ ಒಗೆಯುವ ಕಲ್ಲಿನ ಮೇಲೆ ನಮ್ಮ ಅಜ್ಜಿಯಂದಿರು ದಿನವೂ ಮಾಡುತ್ತಿದ್ದದ್ದು ಇದೇ ಪರೀಕ್ಷೆ. ನೊರೆ ನಿಂತಿತೆಂದರೆ ನೀರಿನ ಪಾಲು, ಕೊಳೆಯ ಪಾಲು ಎರಡೂ ತೀರಿತೆಂದು ಅರ್ಥ.

ಮನೆಯಲ್ಲೂ ಇದನ್ನು ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿಗಳಲ್ಲಿ ಅರ್ಧರ್ಧ, ಒಂದಕ್ಕೆ ನಲ್ಲಿಯ ನೀರು, ಇನ್ನೊಂದಕ್ಕೆ ಆರ್‌ಓ ನೀರು ಅಥವಾ ಮಳೆಯ ನೀರು ತುಂಬಿ. ಹೆರೆದ ಸೋಪನ್ನು ಬೆಚ್ಚಗಿನ ಆರ್‌ಓ ನೀರಿನಲ್ಲಿ ಕರಗಿಸಿಟ್ಟುಕೊಂಡು, ಎರಡಕ್ಕೂ ಹತ್ತತ್ತು ಹನಿ ಹಾಕಿ, ಪ್ರತಿ ಸಲವೂ ಕುಲುಕಿ. ಆರ್‌ಓ ನೀರಿನಲ್ಲಿ ನೊರೆ ಬೇಗ ನಿಲ್ಲುತ್ತದೆ. ಗಡಸು ನೀರು ಹಾಲಿನಂತೆ ಮಬ್ಬಾಗಿ ಇನ್ನೂ ಕೇಳುತ್ತಲೇ ಇರುತ್ತದೆ. ಪೊಟ್ಟಣದ ಮೇಲೆ 'ಟಾಯ್ಲೆಟ್ ಸೋಪ್' ಎಂದಿರುವ, ಟಿಎಫ್‌ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ) ಶೇಕಡಾ 76ಕ್ಕೆ ಕಮ್ಮಿಯಿಲ್ಲದ ಮೊದಲ ದರ್ಜೆಯ ಸೋಪನ್ನೇ ಬಳಸಬೇಕು. ಬಾಡಿ ವಾಶ್, ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಪರೀಕ್ಷೆ ಕೆಡುತ್ತದೆ. ಅವು ಸೋಪಲ್ಲ.

ಈ ಊರಿನಲ್ಲಿ ಗಡಸುತನ ಬರುವುದು ನೆಲದಡಿಯ ಬಂಡೆಯಿಂದ. ಲಾಲ್‌ಬಾಗಿನ ಬಂಡೆ ಹತ್ತಿದವರೆಲ್ಲ ಅದರ ಮೇಲೆ ನಡೆದಿದ್ದಾರೆ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ಮಳೆನೀರು ಮಣ್ಣಿನೊಳಗಿಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಫೆಲ್ಡ್‌ಸ್ಪಾರ್ ಖನಿಜದಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುತ್ತದೆ. ಬೋರ್ ಎತ್ತಿಕೊಡುವುದು ಈ ನೀರನ್ನೇ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ ಪಂಪಾಗಿ ಬರುವ ಕಾವೇರಿ ಹೊಳೆಯ ನೀರು. ಅದು ಬೋರ್ ನೀರಿಗಿಂತ ಮೆದು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತದ ಯೋಜನೆಯಲ್ಲಿ ಹೊರವಲಯದ 110 ಹಳ್ಳಿಗಳಿಗೂ ಕಾವೇರಿ ಬಂತು. ಆದರೆ ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಕಲೆಯುತ್ತವೆ. ಈ ವಾರದ ನೀರು ಮುಂದಿನ ವಾರ ಇರುವುದಿಲ್ಲ. ಬಟ್ಟೆ ಒರಟಾಯಿತೆಂದು ಪುಡಿಯ ಬ್ರ್ಯಾಂಡ್ ಬದಲಿಸುವ ಮನೆಗಳು ಮೊದಲು ಸಂಪಿಗೆ ಯಾವ ನೀರು ಬಿತ್ತೆಂದು ವಿಚಾರಿಸಬೇಕು.

ಬೆಂಗಳೂರಿಗೆ ಸೋಪು ಹೊಸದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಶುರುವಾಯಿತು. ಅದನ್ನು ಕಟ್ಟಿದ ಎಸ್. ಜಿ. ಶಾಸ್ತ್ರಿಯವರಿಗೆ ಜನ 'ಸೋಪು ಶಾಸ್ತ್ರಿ' ಎಂದೇ ಹೆಸರಿಟ್ಟರು. ಅದೇ ಹೊತ್ತಿಗೆ, ಮೊದಲ ಮಹಾಯುದ್ಧದಲ್ಲಿ ಕೊಬ್ಬಿಗೆ ಬರ ಬಂದ ಜರ್ಮನಿಯಲ್ಲಿ ಕೊಬ್ಬಿಲ್ಲದೆ ಕೊಳೆ ಬಿಡಿಸುವ ವಸ್ತುವಿಗಾಗಿ ಹುಡುಕಾಟ ನಡೆದಿತ್ತು. ಡಿಟರ್ಜೆಂಟಿನ ಕುಲ ಹುಟ್ಟಿದ್ದು ಹೀಗೆ. ಅಮೆರಿಕದಲ್ಲಿ 1946ರಲ್ಲಿ ಟೈಡ್, ನಮ್ಮಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ಅಹಮದಾಬಾದಿನಿಂದ ನಿರ್ಮಾ ಬಂದವು. ಒಂದೇ ತಲೆಮಾರಿನಲ್ಲಿ ಬಕೆಟ್ಟಿನೊಳಗಿನ ವಸ್ತು ಬದಲಾಯಿತು. ಅದನ್ನು ಅಳೆಯುವ ಕಣ್ಣು ಹಳೆಯದೇ ಉಳಿಯಿತು.

ಡಿಟರ್ಜೆಂಟಿನ ಅಣುವನ್ನು ಕ್ಯಾಲ್ಸಿಯಂ ಸೋಪಿನಷ್ಟು ಸುಲಭವಾಗಿ ಕೆಳಗಿಳಿಸಲಾರದು. ಜೊತೆಗೆ ಪುಡಿಯಲ್ಲಿ ಸೋಡಾ, ಜಿಯೋಲೈಟ್ ಮುಂತಾದವು ಇದ್ದು ಕ್ಯಾಲ್ಸಿಯಂ ಅನ್ನು ದೂರ ಇಡುತ್ತವೆ. ನೊರೆಗೂ ಮಿಕ್ಕ ಪುಡಿಗೂ ಇದ್ದ ನಂಟು ಅಲ್ಲಿಗೆ ಕಡಿಯಿತು. ಫ್ರಂಟ್ ಲೋಡ್ ಪುಡಿಯಲ್ಲಂತೂ ನೊರೆಯನ್ನು ಒಡೆಯಲೆಂದೇ ಸಿಲಿಕೋನ್ ಬೆರೆಸಿರುತ್ತಾರೆ. ಕಾರಣ ಇದೆ. ಆ ಮೆಷಿನ್ನಿನಲ್ಲಿ ಕೊಳೆ ಬಿಡುವುದು ಬಟ್ಟೆ ಡ್ರಮ್ಮಿನ ಮೇಲಿನಿಂದ ಕೆಳಗೆ ದೊಪ್ಪನೆ ಬೀಳುವುದರಿಂದ, ಕಲ್ಲಿಗೆ ಬಡಿದಂತೆಯೇ. ನೊರೆ ತುಂಬಿದರೆ ಬಟ್ಟೆ ಬೀಳುವುದೇ ಇಲ್ಲ, ತೇಲುತ್ತದೆ. ಕೊಳೆ ಬಿಡಿಸುವ ಕೆಲಸ ನಡೆಯುವುದು ಎಣ್ಣೆಯೂ ನೀರೂ ಸೇರುವ ಗಡಿಯಲ್ಲಿ. ನೊರೆ ಇರುವುದು ಗಾಳಿಯೂ ನೀರೂ ಸೇರುವ ಗಡಿಯಲ್ಲಿ. ಗುಳ್ಳೆಯ ಗೋಡೆಯಲ್ಲಿ ಸಿಕ್ಕಿಕೊಂಡ ಅಣು ಕಾಲರಿನ ಜಿಡ್ಡಿಗೆ ಉಪಯೋಗವಿಲ್ಲ.

ಪುಡಿ ಹೆಚ್ಚಾದಾಗ ಏನಾಗುತ್ತದೆಂದು ನೋಡಿದರೆ ಗೊತ್ತಾಗುತ್ತದೆ: ಪಂಪು ನೊರೆಯನ್ನು ಎಳೆಯಲಾರದೆ ನೀರು ಪೂರ್ತಿ ಹೊರಹೋಗುವುದಿಲ್ಲ, ಕಪ್ಪು ಬಟ್ಟೆಯ ಮೇಲೆ ಬಿಳಿ ಗೆರೆ ಉಳಿಯುತ್ತದೆ, ಸೊಂಟದ ಎಲಾಸ್ಟಿಕ್ ಇರುವಲ್ಲಿ ತುರಿಕೆ, ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಲೋಳೆ. ಅನುಮಾನವಿದ್ದರೆ ಒಗೆದ ಬಟ್ಟೆಗಳನ್ನೇ ಪುಡಿ ಹಾಕದೆ 40 ಡಿಗ್ರಿಯಲ್ಲಿ ಇನ್ನೊಮ್ಮೆ ತಿರುಗಿಸಿ. ಗಾಜಿನಲ್ಲಿ ನೊರೆ ಕಂಡರೆ ಅದೆಲ್ಲ ಹಿಂದಿನ ಒಗೆತಗಳ ಬಾಕಿ. ಅಲ್ಲಿಂದ ಪುಡಿ ಮೂರನೇ ಒಂದು ಭಾಗ ಇಳಿಸಿ. ಬೋರ್ ನೀರಿನವರು ಆಗಾಗ ಖಾಲಿ ಡ್ರಮ್ಮಿಗೆ ನೂರು ಗ್ರಾಂ ಸಿಟ್ರಿಕ್ ಆಮ್ಲ ಹಾಕಿ 60 ಡಿಗ್ರಿಯಲ್ಲಿ ಓಡಿಸಿದರೆ ಹೀಟರಿನ ಮೇಲೆ ಕಟ್ಟಿದ ಬಿಳಿ ಪದರ ಕರಗುತ್ತದೆ. ಅದರ ಜೊತೆ ಬ್ಲೀಚ್ ಮಾತ್ರ ಖಂಡಿತ ಸೇರಿಸಬಾರದು. ಆಮ್ಲಕ್ಕೆ ಬ್ಲೀಚ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಇನ್ನೂ ಬಾರ್ ಸೋಪಿನಲ್ಲೇ ಕೈಯಿಂದ ಒಗೆಯುವ ಮನೆಗಳಲ್ಲಿ ನೊರೆಯ ನಿಯಮ ಇಂದಿಗೂ ನಿಜ. ಅಲ್ಲಿ ಸೋಪು ಉಳಿಸುವ ದಾರಿ ವಾಷಿಂಗ್ ಸೋಡಾ. ಗಡಸುತನ 400 ಇರುವ ಹದಿನೈದು ಲೀಟರ್ ನೀರಿಗೆ ಸೋಡಾ ಹರಳು 17 ಗ್ರಾಂ ಸಾಕು, ಹೆಚ್ಚುಕಡಿಮೆ ಒಂದು ದೊಡ್ಡ ಚಮಚ. ಸೋಡಾ ಮೊದಲು ಕರಗಿಸಿ, ಹತ್ತು ನಿಮಿಷ ಬಿಟ್ಟು, ಆಮೇಲೆ ಸೋಪು. ಅಡುಗೆ ಸೋಡಾ ಇದಕ್ಕೆ ಸಾಲದು. ರೇಷ್ಮೆಗೆ, ಉಣ್ಣೆಗೆ ಸೋಡಾ ಸೋಕಿಸಲೇಬಾರದು. ಅವು ಪ್ರೋಟೀನಿನ ಎಳೆಗಳು, ಕ್ಷಾರಕ್ಕೆ ಸೊರಗುತ್ತವೆ. ಕಲೆ ತಿನ್ನುವ ಕಿಣ್ವವಿರುವ ಪುಡಿಯೂ ರೇಷ್ಮೆಗೆ ಬೇಡ. ರೇಷ್ಮೆ ಸೀರೆಗೆ ಅಂಟುವಾಳದ ಕಾಯಿ ಬಳಸುತ್ತಿದ್ದವರ ಲೆಕ್ಕ ಸರಿಯಿತ್ತು. ಅದರಲ್ಲಿ ನೊರೆ ಕೊಡುವ ಅಂಶವಾದ ಸಪೋನಿನ್ ಸೌಮ್ಯ, ಕ್ಯಾಲ್ಸಿಯಮ್ಮಿಗೆ ಜಗ್ಗುವುದಿಲ್ಲ. ಗಡಸು ನೀರಿನಲ್ಲೂ ಧಾರಾಳ ನೊರೆ ಕೊಡುತ್ತದೆ, ಆದರೆ ಹತ್ತಿಯ ಕಾಲರಿನ ಜಿಡ್ಡು ತೆಗೆಯಲು ಸೋಲುತ್ತದೆ.

ಜಾಲಿಸುವ ವಿಷಯದಲ್ಲಿ ಮಾತ್ರ ರಸಾಯನಶಾಸ್ತ್ರಕ್ಕಿಂತ ಗಣಿತ ಮುಖ್ಯ. ಹಿಂಡಿದ ಮೇಲೂ ಬಟ್ಟೆಯಲ್ಲಿ ಒಂದು ಲೀಟರ್ ಸೋಪು ನೀರು ಉಳಿದಿದೆ ಎನ್ನಿ, ಕೈಯಲ್ಲಿ ಹನ್ನೆರಡು ಲೀಟರ್ ಒಳ್ಳೆಯ ನೀರಿದೆ. ಎಲ್ಲವನ್ನೂ ಒಮ್ಮೆಗೇ ಸುರಿದು ಜಾಲಿಸಿ ಮತ್ತೆ ಹಿಂಡಿದರೆ ಹದಿಮೂರನೇ ಒಂದು ಭಾಗ ಸೋಪು ಉಳಿಯುತ್ತದೆ. ಅದೇ ನೀರನ್ನು ನಾಲ್ಕು ನಾಲ್ಕು ಲೀಟರಿನಂತೆ ಮೂರು ಸಲ ಮಾಡಿ, ಪ್ರತಿ ಸಲ ಹಿಂಡಿದರೆ 125ನೇ ಒಂದು ಭಾಗ. ಗಟ್ಟಿಯಾಗಿ ಹಿಂಡಿ ಉಳಿಯುವ ನೀರನ್ನು ಅರ್ಧ ಲೀಟರಿಗೆ ಇಳಿಸಿದರೆ 729ನೇ ಒಂದು ಭಾಗ! ನೀರಿನ ಬವಣೆಯ ಏಪ್ರಿಲ್ ತಿಂಗಳಿನಲ್ಲಿ ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಸ್ನಾನದ ಜಗಳಗಳೂ ಇದೇ ಸೂತ್ರದವು. ಬೋರ್ ನೀರಿನ ಮನೆಯಿಂದ ಕಾವೇರಿ ನೀರಿನ ಮನೆಗೆ ಬಂದವರು, "ಎಷ್ಟು ನೀರು ಹುಯ್ದುಕೊಂಡರೂ ಮೈ ಜಾರುತ್ತೆ, ಸೋಪು ಹೋಗ್ತಾನೇ ಇಲ್ಲ" ಎಂದು ಇನ್ನೂ ನಾಲ್ಕು ಚೊಂಬು ಸುರಿಯುತ್ತಾರೆ. ಗಡಸು ನೀರಿನಲ್ಲಿ ಮೈ ಕಿರುಗುಟ್ಟುವುದು ಶುದ್ಧಿಯಿಂದಲ್ಲ, ಚರ್ಮಕ್ಕೆ ಅಂಟಿದ ಕ್ಯಾಲ್ಸಿಯಂ ಸೋಪಿನಿಂದ. ಎಣ್ಣೆ ಸ್ನಾನದ ದಿನ ಮೊದಲ ಸಲ ಹಾಕಿದ ಶಾಂಪೂ ನೊರೆಯೇಳದಿದ್ದರೆ ಅದೂ ತಪ್ಪಲ್ಲ. ಎಣ್ಣೆ ನೊರೆಯನ್ನು ಒಡೆಯುತ್ತದೆ, ಶಾಂಪೂ ಆಗ ಎಣ್ಣೆಯಲ್ಲೇ ಮಗ್ನವಾಗಿರುತ್ತದೆ. ಕಡಲೆಹಿಟ್ಟಂತೂ ನೊರೆಯ ಸುಳಿವಿಲ್ಲದೆ ಎಣ್ಣೆ ಹೀರಿಕೊಂಡು ಹೋಗುತ್ತದೆ. ಬಟ್ಟೆಗೆ ನೊರೆ ಬೇಕೇಬೇಕೆನ್ನುವ ಹಿರಿಯರೇ ತಲೆಗೆ ಇದನ್ನು ಹಚ್ಚಿ ಉಜ್ಜುತ್ತಾರೆ.

ಆಷಾಢದ ಜಡಿಮಳೆಯಲ್ಲಿ ಯುಟಿಲಿಟಿಯಲ್ಲಿ ಒಣಹಾಕಿದ ಟವೆಲ್ಲಿನ ಮುಗ್ಗಲು ವಾಸನೆಗೂ ಜನ ಪುಡಿಯನ್ನೇ ಸುರಿಯುತ್ತಾರೆ. ಆ ವಾಸನೆ ಹುಟ್ಟಿಸುವ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಜಪಾನಿನ ಸಂಶೋಧಕರು 2012ರಲ್ಲಿ ಗುರುತಿಸಿದರು. ಅದಕ್ಕೆ ಬೇಕಾದದ್ದು ಉಳಿದ ಮೈಜಿಡ್ಡು ಮತ್ತು ತುಂಬಾ ಹೊತ್ತು ಆರದ ತೇವ. ಟವೆಲ್ಲನ್ನು 60 ಡಿಗ್ರಿಯಲ್ಲಿ ಒಗೆದು, ಒಂದೇ ಪದರವಾಗಿ ಹರಡಿ, ಫ್ಯಾನ್ ಹಾಕಬೇಕು.

ಹೆಚ್ಚಿಗೆ ಸುರಿದ ಪುಡಿ ಮನೆಯ ಪೈಪಿನಲ್ಲಿ ಮಾಯವಾಗುವುದಿಲ್ಲ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ಉಕ್ಕಿ ರಸ್ತೆಗೆ ಹಾರಿ ಬಂದು ವಾಹನಗಳ ಮೇಲೆ ಬಿದ್ದಾಗ ಅದರಲ್ಲಿ ನಗರದ ಬಚ್ಚಲುಗಳ ಡಿಟರ್ಜೆಂಟ್ ಪಾಲೂ ಇತ್ತು. ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದಲ್ಲಿ, ಗಾಳಿ ಊದುವ ತೊಟ್ಟಿ ಇರುತ್ತದೆ. ಮೇಲಿನ ಮನೆಗಳ ಪುಡಿ ಅಲ್ಲಿ ನೊರೆಯಾಗಿ ಏಳುತ್ತದೆ. ಅಲ್ಲಿ ಕೆಲಸ ಮಾಡುವವರು ನೀರು ಚಿಮುಕಿಸಿ, ನೊರೆ ಒಡೆಯುವ ರಾಸಾಯನಿಕ ಹಾಕಿ ಅದನ್ನು ಇಳಿಸುತ್ತಾರೆ. ಮೆಷಿನ್ನಿನ ಪುಡಿಯಲ್ಲಿ ಮೊದಲೇ ಬೆರೆಸಿರುವ ಸಿಲಿಕೋನಿನ ಜಾತಿಯದೇ ಬಹಳ ಸಲ ಆ ರಾಸಾಯನಿಕ. ಅದಕ್ಕೆ ತಗಲುವ ದುಡ್ಡು ತಿಂಗಳ ಮೇಂಟೆನೆನ್ಸ್ ಬಿಲ್ಲಿನಲ್ಲಿ ಎಲ್ಲ ಮನೆಗಳಿಗೂ ಹಂಚಿಹೋಗುತ್ತದೆ.