ಬೈಗುಳವೆಲ್ಲ ಅಶ್ಲೀಲ ಅಲ್ಲ

ಯಾರೋ ಫೇಸ್‌ಬುಕ್‌ನಲ್ಲಿ ಮಂತ್ರಿಯೊಬ್ಬರನ್ನು ಹಿಗ್ಗಾಮುಗ್ಗಾ ಬೈದರು ಅಂದರೆ ಮರುದಿನದ ತಲೆಬರಹ ರೆಡಿ: 'ಅಶ್ಲೀಲ ಪೋಸ್ಟ್'. ಸಿಟ್ಟಿನ ಬೈಗುಳವೂ ಅಶ್ಲೀಲ, ತುಂಡುಬಟ್ಟೆಯ ಫೋಟೋನೂ ಅಶ್ಲೀಲ, ಹಳಸಲು ಜೋಕೂ ಅಶ್ಲೀಲ. ಒರಟು, ಕೊಳಕು, ಪೋಲಿ, ಹೊಲಸು ಅಂತ ಕನ್ನಡದಲ್ಲಿ ಪದಗಳಿಗೆ ಬರವಾ?

ಅಶ್ಲೀಲದ ಹುಟ್ಟಿಗೂ ಕಾಮಕ್ಕೂ ನೇರ ನಂಟಿಲ್ಲ. ಪದದ ಒಳಗೆ ಕೂತಿರುವುದು 'ಶ್ರೀ'. ಋಗ್ವೇದದಲ್ಲಿ ಇದರ ಹಳೆಯ ರೂಪ 'ಅಶ್ರೀರ'. ಅಂದರೆ ಕಳೆ ಇಲ್ಲದ್ದು, ಚೆಂದವಿಲ್ಲದ್ದು. ಆರನೇ ಮಂಡಲದಲ್ಲಿ ಹಸುಗಳನ್ನು ಹೊಗಳುವ ಸೂಕ್ತವೊಂದಿದೆ. ಬಡಕಲಾದವನಿಗೂ ಮೈ ತುಂಬಿಸುತ್ತೀರಿ, 'ಅಶ್ರೀರ'ನನ್ನೂ ಚೆಲುವನಾಗಿಸುತ್ತೀರಿ ಎನ್ನುತ್ತದೆ ಅದು. ಹಾಲು ತುಪ್ಪ ತಿಂದರೆ ವಾಸಿಯಾಗುವ ಅಶ್ಲೀಲ! ಆಮೇಲೆ ರಕಾರ ಲಕಾರವಾಯಿತು. ಕಾವ್ಯದ ಗುಣದೋಷ ಚರ್ಚಿಸುವ ಅಲಂಕಾರಶಾಸ್ತ್ರದವರು ಅದನ್ನು ಕಾವ್ಯದೋಷಗಳ ಸಾಲಿಗೆ ಸೇರಿಸಿದರು. ಅವರಲ್ಲಿ ವಾಮನ, ಮಮ್ಮಟ ಇಬ್ಬರೂ ಮೂರು ಬಗೆ ಹೇಳುತ್ತಾರೆ: ನಾಚಿಕೆ ಹುಟ್ಟಿಸುವುದು, ಹೇಸಿಗೆ ಹುಟ್ಟಿಸುವುದು, ಅಮಂಗಳವಾದದ್ದು. ಮದುವೆಯ ಪದ್ಯದಲ್ಲಿ ಸಾವನ್ನು ನೆನಪಿಸುವ ಮಾತು ನುಸುಳಿದರೆ ಅವರ ಲೆಕ್ಕದಲ್ಲಿ ಅದೂ ಅಶ್ಲೀಲವೇ. ಈಗ ನಮ್ಮ ಬಳಕೆಯಲ್ಲಿ ಹೆಚ್ಚುಕಡಿಮೆ ಮೊದಲನೆಯದಷ್ಟೇ ಉಳಿದಿದೆ.

ಕಾನೂನು ಅದನ್ನೂ ಇನ್ನಷ್ಟು ಬಿಗಿ ಮಾಡಿದೆ. ಆನ್‌ಲೈನ್‌ನಲ್ಲಿ ಅಶ್ಲೀಲ ಹಾಕಿದವರಿಗೆ ಶಿಕ್ಷೆ ಹೇಳುವ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ನೇ ಸೆಕ್ಷನ್ ಕೇಳುವುದು, ಇದು ಕಾಮ ಕೆರಳಿಸುತ್ತದಾ, ನೋಡುವವರ ಮನಸ್ಸು ಕೆಡಿಸುವಂಥದ್ದಾ ಅಂತ. ಮೊದಲ ಸಲ ಸಾಬೀತಾದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಈಗ ಹೇಳಿ, ಬೈಸಿಕೊಂಡವನಿಗೆ ಕೋಪ ಬರುತ್ತದಾ, ಕಾಮ ಬರುತ್ತದಾ? 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದೂ ಇದೇ ಪ್ರಶ್ನೆ. ವೆಬ್ ಸೀರೀಸೊಂದರಲ್ಲಿ ಕಾಲೇಜು ಹುಡುಗರ ಬಾಯಲ್ಲಿ ಬರೀ ಬೈಗುಳ ಅಂತ ಕೇಸಾಗಿತ್ತು. ಅಸಹ್ಯ ಅನ್ನಿಸಿದ್ದೆಲ್ಲ ಅಶ್ಲೀಲವಾಗದು ಎಂದು ಕೋರ್ಟು ಎಫ್‌ಐಆರ್ ರದ್ದು ಮಾಡಿತು. ಬೆತ್ತಲೆಯ ಬಗ್ಗೆ 2014ರಲ್ಲೇ ಹೇಳಿಯಾಗಿತ್ತು: ಫೋಟೋದಲ್ಲಿ ಬಟ್ಟೆ ಇಲ್ಲ ಅನ್ನುವುದೊಂದೇ ಸಾಲದು, ಇಡೀ ಸಂದರ್ಭ ನೋಡಬೇಕು.

ತಮಾಷೆ ಅಂದರೆ ಬೈಗುಳಕ್ಕೆ ಪೊಲೀಸ್ ಠಾಣೆಯಲ್ಲೇ ಒಳ್ಳೆಯ ಪದ ಇದೆ. 'ಅವಾಚ್ಯ ಶಬ್ದಗಳಿಂದ ನಿಂದಿಸಿ' ಅಂತ ದೂರಿನಲ್ಲಿ ಬರೆಯುತ್ತಾರಲ್ಲ, ಅದೇ. ಬೆದರಿಕೆ, ಮಾನಹಾನಿ, ಬೇಕಂತಲೇ ಮಾಡಿದ ಅವಮಾನ, ಒಂದೊಂದಕ್ಕೂ ಬೇರೆ ಬೇರೆ ಸೆಕ್ಷನ್ ಇವೆ. ಮಂತ್ರಿಗೆ ಬೈದವರ ಮೇಲೆ ಸುಲಭವಾಗಿ ಹಾಕುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಮಾತ್ರ 2015ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಅದರ ಜಾಗಕ್ಕೆ 67ನ್ನು ಎಳೆದು ತರಬೇಕಾದರೆ ಬೈಗುಳವನ್ನು ಅಶ್ಲೀಲ ಅಂತ ಕರೆಯಲೇಬೇಕು.