ಟ್ರೈನಿಂಗ್‌ನಲ್ಲಿ ಉಸ್ತಾದ್ ಹೊಡೆಯಬಹುದಾ?

ಓದುಗರ ಪ್ರಶ್ನೆ: ನನ್ನ ಮಗ ಅಗ್ನಿವೀರನಾಗಿ ಸೆಲೆಕ್ಟ್ ಆಗಿದ್ದಾನೆ. ಮುಂದಿನ ತಿಂಗಳು ಟ್ರೈನಿಂಗ್‌ಗೆ ಹೋಗಬೇಕು. ಅಲ್ಲಿ ಬೆಲ್ಟಿನಿಂದ ಹೊಡೀತಾರೆ, ಬೂಟುಗಾಲಲ್ಲಿ ಒದೀತಾರೆ ಅಂತ ಊರಲ್ಲಿ ಹೇಳ್ತಾರೆ. ನಿಜಾನಾ? ಹಂಗೇನಾದ್ರೂ ಆದ್ರೆ ನಾವೇನು ಮಾಡ್ಬೇಕು?
– ಒಬ್ಬ ತಾಯಿ, ಸಿಂಧನೂರು ತಾಲ್ಲೂಕು

ಅಕ್ಕಾವ್ರೇ, ಮೊದಲು ನೇರವಾದ ಉತ್ತರ. ಹೊಡೆಯುವ ಹಕ್ಕು ಅಲ್ಲಿ ಯಾರಿಗೂ ಇಲ್ಲ. ಟ್ರೈನಿಂಗ್ ಕೊಡುವ ಉಸ್ತಾದ್‌ಗೂ ಇಲ್ಲ, ಸುಬೇದಾರ್ ಸಾಹೇಬರಿಗೂ ಇಲ್ಲ, ಆಫೀಸರ್‌ಗೂ ಇಲ್ಲ. 1950ರ ಸೇನಾ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ತನ್ನ ಕೈಕೆಳಗಿನವನ ಮೇಲೆ ಕೈ ಮಾಡುವುದು, ಅವನನ್ನು ಕೆಟ್ಟದಾಗಿ ನಡೆಸಿಕೊಳ್ಳುವುದು ಅಪರಾಧ. ಕೋರ್ಟ್ ಮಾರ್ಷಲ್‌ನಲ್ಲಿ ಸಾಬೀತಾದರೆ 7 ವರ್ಷದವರೆಗೂ ಜೈಲು. ಹಾಗಂತ ಏಟು ಬೀಳುವುದೇ ಇಲ್ಲ ಎಂದು ಬರೆದು ನಿಮ್ಮನ್ನು ಸಮಾಧಾನ ಮಾಡಲಾರೆ. ಕಾನೂನು ಇರುವುದೇ ಅಂಥದ್ದು ನಡೆಯುತ್ತದೆ ಅಂತ, ಅಲ್ವಾ?

ಆದರೆ ಊರಲ್ಲಿ ಕೇಳುವ ಕಥೆಗಳಲ್ಲಿ ಎರಡು ಬೇರೆ ವಿಷಯಗಳು ಬೆರೆತಿರುತ್ತವೆ. ಒಂದು ಹೊಡೆತ. ಇನ್ನೊಂದು ರಗಡಾ, ಅಂದರೆ ಶಿಕ್ಷೆ ಅಂತ ಮೈ ದಣಿಸುವುದು. ರಜೆಗೆ ಬಂದ ಯಾವ ಜವಾನನನ್ನು ಕೇಳಿದರೂ ರಗಡಾ ಬಗ್ಗೆ ನಗುತ್ತಲೇ ಹೇಳುತ್ತಾನೆ. ಫಾಲ್‌ಇನ್‌ಗೆ (ಸಾಲಾಗಿ ನಿಲ್ಲುವುದಕ್ಕೆ) ಎರಡು ನಿಮಿಷ ತಡವಾಯಿತು, ಬೂಟಿಗೆ ಪಾಲಿಶ್ ಇಲ್ಲ, ಹಾಸಿಗೆ ಚಾದರ ಸುಕ್ಕಾಗಿದೆ. ಅಷ್ಟಕ್ಕೇ ಮೈದಾನದ ಈ ತುದಿಯಿಂದ ಆ ತುದಿಗೆ ಫ್ರಂಟ್ ರೋಲ್. ಬೆನ್ನಿಗೆ ಭಾರದ ಪಿಟ್ಟು (ಸಾಮಾನಿನ ಚೀಲ) ಹಾಕಿ ಓಟ. ಸಂಜೆ ಅಂಗಿ ಬಿಚ್ಚಿದರೆ ಮೊಣಕೈ ತರಚಿ ಬನಿಯನ್ ಅಂಟಿಕೊಂಡಿರುತ್ತದೆ. ಇದು ಸೇನೆಯಲ್ಲಿ ತಲೆಮಾರುಗಳಿಂದ ನಡೆದುಕೊಂಡು ಬಂದದ್ದು. ಮೈ ಹುರಿಗೊಳಿಸುವ ಅಳತೆಯಲ್ಲಿದ್ದರೆ ಅದನ್ನು ಯಾರೂ ದೂರುವುದಿಲ್ಲ.

ನಿಜವಾಗಿ ತಪ್ಪು ಮಾಡಿದವನಿಗೆ ಏನು ಶಿಕ್ಷೆ ಕೊಡಬಹುದು ಎಂಬುದೂ ಅದೇ ಕಾಯ್ದೆಯ 80ನೇ ಸೆಕ್ಷನ್‌ನಲ್ಲಿದೆ. 28 ದಿನದವರೆಗೆ ಕೂಡಿಹಾಕುವುದು, ಲೈನ್ (ಜವಾನರ ವಸತಿ) ಬಿಟ್ಟು ಹೊರಗೆ ಹೋಗದಂತೆ ಮಾಡುವುದು, ಹೆಚ್ಚುವರಿ ಕಾವಲು, 14 ದಿನದವರೆಗಿನ ಸಂಬಳದಷ್ಟು ದಂಡ. ಅದನ್ನು ಕೊಡುವವನು ಕಮಾಂಡಿಂಗ್ ಆಫೀಸರ್, ಉಸ್ತಾದ್ ಅಲ್ಲ. ಆ ಪಟ್ಟಿಯಲ್ಲಿ ಎಲ್ಲೂ ಬೆಲ್ಟ್ ಇಲ್ಲ.

ಇನ್ನು ರಗಡಾ ಅಂದರೆ ಸುಮ್ನೆ ತಮಾಷೆ ಅಂತಲೂ ಅಂದುಕೊಳ್ಳಬೇಡಿ. ದಕ್ಷಿಣ ಕೊರಿಯಾದಲ್ಲಿ 2024ರ ಮೇ ತಿಂಗಳಲ್ಲಿ ರಾತ್ರಿ ಮಾತಾಡಿದರು ಅನ್ನುವ ಕಾರಣಕ್ಕೆ ಆರು ರಿಕ್ರೂಟ್‌ಗಳ ಬೆನ್ನಿಗೆ ಪೂರ್ತಿ ಸಾಮಾನು ಹೊರಿಸಿ ಓಡಿಸಿದರು, ಪುಶ್‌ಅಪ್ ಹೊಡೆಸಿದರು. ಒಬ್ಬ ಕುಸಿದು ಬಿದ್ದ. ಎರಡು ದಿನಕ್ಕೆ ತೀರಿಕೊಂಡ. ಅವನಿಗೆ ಯಾರೂ ಹೊಡೆದಿರಲಿಲ್ಲ. ಆದರೂ ಕಂಪನಿ ಕಮಾಂಡರ್ ಜೈಲಿಗೆ ಹೋದ. ಬಿಸಿಲಲ್ಲಿ ಮಿತಿಮೀರಿ ದಣಿಸಿದರೆ ಸ್ನಾಯು ಕರಗಿ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಕೆಡುತ್ತದೆ. ರಾಯಚೂರಿನ ಬಿಸಿಲು ಕಂಡ ಹುಡುಗನಿಗೆ ಏನಾಗುತ್ತೆ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅವತ್ತೇ ಎಂಐ ರೂಮಿಗೆ, ಅಂದರೆ ಅಲ್ಲಿನ ಡಾಕ್ಟರ್ ತಪಾಸಣೆ ಮಾಡುವ ಕೋಣೆಗೆ ಹೋಗಬೇಕು. ಈ ಒಂದು ಮಾತು ಮಗನಿಗೆ ಹೇಳಿಯೇ ಕಳಿಸಿ.

ಹೇಳಿದರೂ ಹೋಗುವುದಿಲ್ಲ, ಅದೇ ಕಷ್ಟ. ಜಾಸ್ತಿ ದಿನ ಪರೇಡ್ ತಪ್ಪಿದರೆ ರೆಲಿಗೇಟ್ ಮಾಡುತ್ತಾರೆ, ಅಂದರೆ ಹಿಂದೆ ಬರುವ ಬ್ಯಾಚಿಗೆ ತಳ್ಳುತ್ತಾರೆ. ಜೊತೆಯವರು ಟ್ರೈನಿಂಗ್ ಕೊನೆಯ ಕಸಂ (ಪ್ರಮಾಣವಚನ) ಪರೇಡ್ ಮುಗಿಸಿ ಹೋಗುವಾಗ ಇವನು ಅಲ್ಲೇ ಉಳಿಯಬೇಕು. ಅಗ್ನಿವೀರರಿಗೆ ಇನ್ನೊಂದು ಭಯವೂ ಇದೆ. ನಾಲ್ಕು ವರ್ಷದ ನಂತರ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ 25 ಜನರನ್ನು. ದೂರು ಕೊಟ್ಟವನು ಅಂತ ಹೆಸರು ಬಂದರೆ ಏನು ಗತಿ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಊರಿನ ಮಾಜಿ ಸೈನಿಕರೂ 'ನಾವೆಲ್ಲ ಹೊಡೆಸಿಕೊಂಡೇ ಗಟ್ಟಿಯಾದವರು' ಅನ್ನುತ್ತಾರೆ. ಗಟ್ಟಿಯಾದವರ ಲೆಕ್ಕ ಅವರ ಹತ್ತಿರ ಇದೆ. ಮೊಣಕಾಲು ಕೆಡಿಸಿಕೊಂಡು ಮನೆಗೆ ಬಂದವರನ್ನು ಅವರು ಎಣಿಸುವುದಿಲ್ಲ.

ಏಟು ಬಿದ್ದರೆ ಏನು ಮಾಡಬೇಕು? ಮೊದಲು ಎಂಐ ರೂಮಿನಲ್ಲಿ ತೋರಿಸಿ, ಪುಸ್ತಕದಲ್ಲಿ ಬರೆಸಬೇಕು. 'ಜಾರಿ ಬಿದ್ದೆ' ಅಂತ ಬರೆಸಿದರೆ ಮುಂದೆ ಯಾವ ದೂರೂ ನಿಲ್ಲುವುದಿಲ್ಲ. ಆಮೇಲೆ ಕಂಪನಿ ಕಮಾಂಡರ್‌ಗೆ ದೂರು. ಅವರ ಮೇಲೇ ದೂರಿದ್ದರೆ ಅವರ ಮೇಲಿನವರಿಗೆ. ಸೇನಾ ಕಾಯ್ದೆಯ 26ನೇ ಸೆಕ್ಷನ್ ಕೊಟ್ಟಿರುವ ಹಕ್ಕು ಇದು, ದೂರು ತೆಗೆದುಕೊಂಡ ಅಧಿಕಾರಿ ಪೂರ್ತಿ ವಿಚಾರಣೆ ಮಾಡಲೇಬೇಕು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲು ಸಾಮಾನ್ಯವಾಗಿ ಈ ಮೆಟ್ಟಿಲುಗಳನ್ನು ಹತ್ತಿದ ಮೇಲೆಯೇ ತೆರೆಯುವುದು. ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು. ಆದರೆ ಸೇನೆಯ ವಿಷಯದಲ್ಲಿ ಆಯೋಗ ತಾನೇ ತನಿಖೆ ಮಾಡುವಂತಿಲ್ಲ, ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬಹುದು ಅಷ್ಟೆ. ನೀವು ಮನೆಯಿಂದ ಮಾಡಬಹುದಾದದ್ದು ಅಂದರೆ, ಸೆಂಟರ್‌ನ ಕಮಾಂಡೆಂಟ್‌ಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ. ತಾರೀಖು, ಏನಾಯಿತು, ಎಲ್ಲಿ ಪೆಟ್ಟಾಯಿತು, ಇಷ್ಟು ಇದ್ದರೆ ಸಾಕು. ಸಿಟ್ಟಿನ ಮಾತು ಬೇಡ.

ಎರಡು ಕೆಲಸ ಮಾತ್ರ ಮಾಡಲೇಬಾರದು. ತಿರುಗಿ ಕೈ ಎತ್ತಬಾರದು. ಡ್ಯೂಟಿಯಲ್ಲಿರುವ ಮೇಲಧಿಕಾರಿಗೆ ಹೊಡೆದರೆ 14 ವರ್ಷದವರೆಗೆ ಶಿಕ್ಷೆ ಇದೆ. ರಾತ್ರೋರಾತ್ರಿ ಓಡಿ ಬರಬಾರದು. ಬಂದರೆ ಆ ಉಸ್ತಾದ್ ಆರಾಮಾಗಿರುತ್ತಾನೆ, ಕೇಸು ನಿಮ್ಮ ಮಗನ ಮೇಲೆ.

ಇನ್ನೊಂದು ವಿಷಯ. ನಮ್ಮ ಕಡೆ ಫಿಸಿಕಲ್‌ಗೆ ತಯಾರು ಮಾಡುವ ಖಾಸಗಿ ಅಕಾಡೆಮಿಗಳಿವೆ. 'ಮಿಲಿಟರಿ ಥರ' ಅಂತ ಕೋಲು ಹಿಡಿದು ನಿಂತರೆ ಅವರಿಗೆ ಯಾವ ಸೇನಾ ಕಾಯ್ದೆಯ ರಕ್ಷಣೆಯೂ ಇಲ್ಲ. ನೇರ ಪೊಲೀಸ್ ಠಾಣೆಗೆ ಹೋಗಬಹುದು. ಹುಡುಗನಿಗೆ 18 ತುಂಬಿಲ್ಲದಿದ್ದರೆ 1098ಕ್ಕೆ ಫೋನ್ ಮಾಡಬಹುದು.

ಹೊರಡುವ ಮುಂಚೆ ಇರುವ ತಿಂಗಳಲ್ಲಿ ಮಗನಿಗೆ ಸ್ವಲ್ಪ ಹಿಂದಿ ಕಲಿಸಿ. ನಮ್ಮ ಹುಡುಗರು ಬೆಳಗಾವಿಯ ಮರಾಠಾ ಸೆಂಟರ್‌ಗೆ ಹೋಗಲಿ, ಬೆಂಗಳೂರಿನ ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಹೋಗಲಿ, ಹೈದರಾಬಾದಿನ ಆರ್ಟಿಲರಿ ಸೆಂಟರ್‌ಗೆ ಹೋಗಲಿ, ಹುಕುಂ ಹಿಂದಿಯಲ್ಲೇ. 'ದಾಹಿನೇ ಮುಡ್' ಅಂದಾಗ ಒಬ್ಬ ಎಡಕ್ಕೆ ತಿರುಗಿದರೆ ಇಡೀ ಸಾಲಿಗೆ ರಗಡಾ. ಆ ಸಿಟ್ಟನ್ನು ರಾತ್ರಿ ಬ್ಯಾರಕ್‌ನಲ್ಲಿ ಜೊತೆಯವರು ಅವನ ಮೇಲೆ ತೀರಿಸಿಕೊಳ್ಳುತ್ತಾರೆ. ಸಾವಧಾನ್, ವಿಶ್ರಾಮ್, ದಾಹಿನೇ, ಬಾಯೇ, ಪೀಛೇ, ಒಂದರಿಂದ ನೂರರವರೆಗೆ ಎಣಿಕೆ. ಊರಲ್ಲಿ ರಜೆ ಮೇಲೆ ಬಂದ ಜವಾನರಿದ್ದರೆ ದಿನಾ ಸಂಜೆ ಅವರ ಮುಂದೆ ನಿಲ್ಲಿಸಿ ಮಾಡಿಸಿ.